ರೈನ್ ಕಣಿವೆಯಲ್ಲಿ ಒಂದು ಹಗಲು: ಹಡಗಿನ ಮೇಲಿಂದ ನೋಡುವ ಕ್ರಮ

ಯುರೋಪಿನ ನದಿವಿಹಾರದ ಹಡಗುಗಳು ಸಾಮಾನ್ಯವಾಗಿ ರಾತ್ರಿಯೆಲ್ಲ ಸಾಗಿ, ಬೆಳಗಾಗುವ ಹೊತ್ತಿಗೆ ಯಾವುದಾದರೊಂದು ಊರಿನ ದಂಡೆಗೆ ಬಂದು ನಿಲ್ಲುತ್ತವೆ. ಈ ರೂಢಿಗೆ ಹೊರತಾದ ಒಂದು ಹಾದಿ ರೈನ್ ನದಿಯಲ್ಲಿದೆ. ಜರ್ಮನಿಯ ಬಿಂಗೆನ್ ಮತ್ತು ರೂಡೆಸ್‌ಹೈಮ್ ಊರುಗಳಿಂದ ಕೋಬ್ಲೆಂಜ್ ನಗರದವರೆಗೆ ಸುಮಾರು 65 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ, 2002ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆಯನ್ನು ಹಡಗುಗಳು ಹಗಲಿನಲ್ಲಿಯೇ ದಾಟುವಂತೆ ವೇಳಾಪಟ್ಟಿಯನ್ನು ಹೊಂದಿಸಲಾಗುತ್ತದೆ. ಆ ದಿನ ಪ್ರಯಾಣಿಕರ ಕೆಲಸ ಡೆಕ್ಕಿನ ಮೇಲೆ ಕುಳಿತು ನೋಡುವುದಷ್ಟೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ನೋಡಬೇಕಾದದ್ದು ಎರಡೂ ದಂಡೆಗಳಲ್ಲಿ ಒತ್ತೊತ್ತಾಗಿ ಬರುತ್ತದೆ, ಹಡಗು ಯಾರಿಗೋಸ್ಕರವೂ ನಿಲ್ಲುವುದಿಲ್ಲ, ಧ್ವನಿವರ್ಧಕದ ವಿವರಣೆ ಎಷ್ಟೋ ಸಲ ಕೋಟೆ ಹಿಂದೆ ಸರಿದ ಮೇಲೆ ಕೇಳಿಸುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಅರ್ಧ ಗಂಟೆ ಕುಳಿತು ತಯಾರಿ ಮಾಡಿಕೊಂಡವರಿಗೆ ಈ ದಿನ ದಕ್ಕುವಷ್ಟು ಉಳಿದವರಿಗೆ ದಕ್ಕುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದದ್ದು ಹಡಗು ಹರಿವಿನ ಜೊತೆಗೆ ಹೋಗುತ್ತದೆಯೋ ಅಥವಾ ಹರಿವಿಗೆ ಎದುರಾಗಿ ಏರುತ್ತದೆಯೋ ಎಂಬುದು. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ ನೆದರ್ಲೆಂಡ್ಸಿನಲ್ಲಿ ಉತ್ತರ ಸಮುದ್ರವನ್ನು ಸೇರುವ ರೈನ್ ಈ ಕಣಿವೆಯಲ್ಲಿ ಒಟ್ಟಾರೆಯಾಗಿ ಆಗ್ನೇಯದಿಂದ ವಾಯವ್ಯದ ಕಡೆಗೆ ಹರಿಯುತ್ತದೆ. ಹರಿವಿನ ಜೊತೆಗೆ ಸಾಗುವ ಹಡಗು ಗಂಟೆಗೆ ಸುಮಾರು 20 ಕಿಲೋಮೀಟರ್ ಕ್ರಮಿಸಿದರೆ, ಎದುರು ಸಾಗುವ ಹಡಗು 10ರಿಂದ 12 ಕಿಲೋಮೀಟರ್‌ಗೆ ತೃಪ್ತಿಪಡಬೇಕಾಗುತ್ತದೆ. ಇದರ ಪರಿಣಾಮ ಸಣ್ಣದಲ್ಲ. ಕೌಬ್ ಊರಿನಿಂದ ಲೊರೆಲೈ ಬಂಡೆಯವರೆಗಿನ ಎಂಟೊಂಬತ್ತು ಕಿಲೋಮೀಟರ್, ಅಂದರೆ ಇಡೀ ಕಣಿವೆಯ ಅತ್ಯಂತ ಸೊಗಸಾದ ಭಾಗ, ಇಳಿಯುವಾಗ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಏರುವಾಗ ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕಣ್ಣೆದುರಿಗಿರುತ್ತದೆ. ಪ್ರವಾಸವನ್ನು ಕಾದಿರಿಸುವಾಗ ಆಯ್ಕೆಯಿದ್ದರೆ ಆಮ್‌ಸ್ಟರ್‌ಡ್ಯಾಮಿನಿಂದ ಬಾಸೆಲ್ ಕಡೆಗೆ ಏರುವ ಹಡಗನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಈ ಆಯ್ಕೆಯಲ್ಲಿ ತೊಡಕೊಂದು ಇಲ್ಲದಿಲ್ಲ. ಬೆಳಗ್ಗೆ ಕೋಬ್ಲೆಂಜ್ ಬಿಟ್ಟು ಏರುವ ಹಡಗು ಲೊರೆಲೈ ಬಂಡೆಯನ್ನು ತಲುಪುವುದು ಹೆಚ್ಚುಕಡಿಮೆ ಮಧ್ಯಾಹ್ನದ ಊಟದ ಹೊತ್ತಿಗೆ, ಮತ್ತು ಊಟದ ಮನೆಯಿರುವುದು ಕೆಳಗಿನ ಅಂತಸ್ತಿನಲ್ಲಿ. ಊಟದ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿ, ಅಗತ್ಯವಿದ್ದರೆ ಡೆಕ್ಕಿನಲ್ಲೇ ಏನಾದರೂ ಹಗುರವಾದದ್ದನ್ನು ತಿಂದು ಮುಗಿಸುವ ಏರ್ಪಾಡು ಮಾಡಿಕೊಳ್ಳಬೇಕು.

ಎರಡನೆಯದು ದಂಡೆಗಳ ಲೆಕ್ಕ. ನಕ್ಷೆಗಳಲ್ಲಿಯೂ ಕೈಪಿಡಿಗಳಲ್ಲಿಯೂ ಬರುವ ಎಡದಂಡೆ, ಬಲದಂಡೆ ಎಂಬ ಮಾತುಗಳನ್ನು ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತವರ ಎಡಬಲಗಳೆಂದು ತಿಳಿಯಬೇಕೇ ಹೊರತು ಹಡಗಿನ ಎಡಬಲಗಳೆಂದಲ್ಲ. ಇಳಿಯುವ ಹಡಗಿನಲ್ಲಿ ಎರಡೂ ಒಂದೇ ಆಗಿರುತ್ತವೆ. ಏರುವ ಹಡಗಿನಲ್ಲಿ ತಿರುಗುಮುರುಗಾಗುತ್ತವೆ. ಈ ಸಣ್ಣ ಸಂಗತಿಯನ್ನು ಮರೆತು ಇಡೀ ದಿನ ತಪ್ಪು ಬದಿಯ ಕಟಕಟೆಗೆ ಒರಗಿ ನಿಲ್ಲುವವರು ಪ್ರತಿ ಹಡಗಿನಲ್ಲೂ ಸಿಗುತ್ತಾರೆ. ಬೆಳಕಿನ ಲೆಕ್ಕವೂ ಇದಕ್ಕೆ ಸೇರಿಕೊಂಡಿದೆ. ಬೆಳಗಿನ ಬಿಸಿಲು ಎಡದಂಡೆಯ ಇಳಿಜಾರುಗಳ ಮೇಲೆ ಬೀಳುತ್ತದೆ, ಮಧ್ಯಾಹ್ನದ ನಂತರದ ಬಿಸಿಲು ಬಲದಂಡೆಯನ್ನು ಬೆಳಗುತ್ತದೆ, ಬೊಪಾರ್ಡ್ ಊರಿನ ಬಳಿ ನದಿ ದೊಡ್ಡ ಕುಣಿಕೆಯಂತೆ ಬಳಸಿ ಹರಿಯುವುದರಿಂದ ಅಲ್ಲಿ ಮಾತ್ರ ಈ ಕ್ರಮ ಸ್ವಲ್ಪ ಹೊತ್ತು ಅದಲುಬದಲಾಗುತ್ತದೆ. ಛಾಯಾಚಿತ್ರ ತೆಗೆಯುವವರಿಗೆ ಹೊತ್ತಿಗೆ ತಕ್ಕಂತೆ ಬದಿಯನ್ನು ಬದಲಿಸುವುದಕ್ಕಿಂತ ದೊಡ್ಡ ಸಲಹೆ ಬೇರೆ ಇಲ್ಲ.

ಮೂರನೆಯದಾದ ಕಿಲೋಮೀಟರ್ ಫಲಕಗಳನ್ನು ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುತ್ತೇನೆ. ರೈನ್ ನದಿಯ ಎರಡೂ ದಂಡೆಗಳಲ್ಲಿ ಪ್ರತಿ ಕಿಲೋಮೀಟರ್‌ಗೆ ಒಂದರಂತೆ, ದೂರದಿಂದಲೇ ಓದಬಹುದಾದ ದೊಡ್ಡ ಅಂಕಿಗಳ ಫಲಕಗಳನ್ನು ನೆಟ್ಟಿದ್ದಾರೆ. ಎಣಿಕೆ ಶುರುವಾಗುವುದು ಕಾನ್‌ಸ್ಟನ್ಸ್ ನಗರದ ಸೇತುವೆಯಿಂದ; ಅಲ್ಲಿಂದ ಸಮುದ್ರದವರೆಗೆ ಅಂಕಿ ಏರುತ್ತಲೇ ಹೋಗುತ್ತದೆ. ನಾವಿಕರಿಗಾಗಿ ಮಾಡಿದ ಈ ವ್ಯವಸ್ಥೆ ಪ್ರಯಾಣಿಕರ ಪಾಲಿಗೂ ಗಡಿಯಾರವಿದ್ದಂತೆ. ಒಂದು ಸಣ್ಣ ಚೀಟಿಯಲ್ಲಿ ಕೆಲವೇ ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಸಾಕು. ಬಿಂಗೆನ್ ಬಳಿಯ ಇಲಿಗೋಪುರಕ್ಕೆ 530, ಬಖರಾಖ್ ಊರಿಗೆ 543, ಕೌಬ್‌ಗೆ 546, ಓಬರ್‌ವೇಸೆಲ್‌ಗೆ 550, ಲೊರೆಲೈಗೆ 554ರಿಂದ 555, ಬೊಪಾರ್ಡ್‌ಗೆ 570, ಬ್ರೌಬಾಖ್ ಊರಿನ ಮಾರ್ಕ್ಸ್‌ಬುರ್ಗ್ ಕೋಟೆಗೆ 580, ಕೋಬ್ಲೆಂಜಿನ ಸಂಗಮಕ್ಕೆ 592. ದಂಡೆಯ ಫಲಕದಲ್ಲಿ 543 ಕಂಡಾಗ, ಇಳಿಯುವ ಹಡಗಿನಲ್ಲಿರುವವರಿಗೆ ಕೌಬ್ ದ್ವೀಪದ ಕೋಟೆಗೆ ಇನ್ನು ಸುಮಾರು ಹತ್ತು ನಿಮಿಷವಿದೆಯೆಂದು ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ಕುಳಿತುಕೊಳ್ಳುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಣೆಯ ಬಾಲ್ಕನಿಯಿಂದ ಒಂದು ದಂಡೆ ಮಾತ್ರ ಕಾಣುತ್ತದೆ, ಆದ್ದರಿಂದ ಮೇಲಿನ ಡೆಕ್ಕಿನ ಮುಂಭಾಗವೇ ಸರಿ. ಎಂಜಿನ್ ಹಿಂಭಾಗದಲ್ಲಿರುವುದರಿಂದ ಸದ್ದೂ ಅದುರುವಿಕೆಯೂ ಅಲ್ಲೇ ಹೆಚ್ಚು. ಮುಂಭಾಗದ ಕುರ್ಚಿಗಳು ಬೇಗ ತುಂಬಿಹೋಗುತ್ತವೆ; ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಗಾಳಿಗೆ ಸೋತವರು ಒಬ್ಬೊಬ್ಬರಾಗಿ ಒಳಗೆ ಹೋಗುವುದರಿಂದ ಹತಾಶರಾಗಬೇಕಾಗಿಲ್ಲ. ದಂಡೆಯ ಮೇಲೆ ಹಿತವಾಗಿರುವ ದಿನವೂ ಚಲಿಸುವ ಡೆಕ್ಕಿನಲ್ಲಿ ಚಳಿ ಹಿಡಿಯುತ್ತದೆ. ಗಾಳಿ ತಡೆಯುವ ಅಂಗಿ, ಕಿವಿ ಮುಚ್ಚುವ ಟೋಪಿ, ತಂಪು ಕನ್ನಡಕ, ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಒಂದು ದುರ್ಬೀನು ಇಷ್ಟಿದ್ದರೆ ಆಯಿತು. ಅಕ್ಟೋಬರ್ ತಿಂಗಳ ಬೆಳಗುಗಳಲ್ಲಿ ಮಂಜು ಕಣಿವೆಯಲ್ಲಿ ತಡವಾಗಿ ಕರಗುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ನೀರಿನ ಮಟ್ಟದ ವಿಚಾರಕ್ಕೆ ಬಂದರೆ, ಕೌಬ್ ಊರಿನ ಅಳತೆಗೋಲು ಇಡೀ ರೈನ್ ಸಾಗಾಟದ ನಾಡಿಬಡಿತವಿದ್ದಂತೆ, ಏಕೆಂದರೆ ಮಧ್ಯ ರೈನಿನ ಅತ್ಯಂತ ಆಳ ಕಡಿಮೆಯಾದ ಹಾದಿ ಇಲ್ಲಿಯೇ ಇದೆ. ಬರಗಾಲದ ಬೇಸಿಗೆಯ ನಂತರ 2018ರ ಅಕ್ಟೋಬರಿನಲ್ಲಿ ಈ ಅಳತೆ 25 ಸೆಂಟಿಮೀಟರ್‌ಗೆ ಇಳಿದಿತ್ತು. ಹಾಗೆಂದರೆ ನದಿಯಲ್ಲಿ ಅಷ್ಟೇ ನೀರಿತ್ತು ಎಂದಲ್ಲ; ಅಳತೆಗೋಲಿನ ಸೊನ್ನೆ ಹಡಗು ಸಾಗುವ ಕಾಲುವೆಯ ತಳಕ್ಕಿಂತ ಒಂದು ಮೀಟರ್‌ಗೂ ಮೇಲಿದೆ. ಆದರೂ ಅಂತಹ ಹೊತ್ತಿನಲ್ಲಿ ದೊಡ್ಡ ಹಡಗುಗಳು ಸಾಗಲಾರದೆ, ಪ್ರಯಾಣಿಕರನ್ನು ಬಸ್ಸಿನಲ್ಲಿ ಮುಂದಕ್ಕೆ ಕರೆದೊಯ್ಯುವ ಪ್ರಸಂಗಗಳು ಬರುತ್ತವೆ. ಪ್ರವಾಹದ ಕಾಲದಲ್ಲಿ ನೀರು ಎರಡನೆಯ ಎಚ್ಚರಿಕೆಯ ಗುರುತನ್ನು ಮೀರಿತೆಂದರೆ ಸಂಚಾರವನ್ನೇ ನಿಲ್ಲಿಸಲಾಗುತ್ತದೆ. ಹೊರಡುವ ವಾರದಲ್ಲಿ ಜರ್ಮನಿಯ ಜಲಮಾರ್ಗ ಆಡಳಿತವು ಪ್ರಕಟಿಸುವ ಕೌಬ್ ಮಟ್ಟವನ್ನು ಒಮ್ಮೆ ನೋಡಿಕೊಂಡರೆ, ಹಡಗಿನವರು ಹೇಳುವ ಮುನ್ನವೇ ಪರಿಸ್ಥಿತಿಯ ಅಂದಾಜು ಸಿಗುತ್ತದೆ. ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಿ ನೀರು ಇಳಿಯುವ ಸಂಭವ ಹೆಚ್ಚಾದ್ದರಿಂದ ಮೇ ಅಥವಾ ಜೂನ್ ತಿಂಗಳು ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ನೋಡುವ ಕ್ರಮ. ಹರಿವಿನ ಜೊತೆಗೆ ಇಳಿಯುವ ಅನುಕ್ರಮದಲ್ಲಿ ಇದನ್ನು ಬರೆಯುತ್ತಿದ್ದೇನೆ. ಏರುವವರು ಕೊನೆಯಿಂದ ಓದಿಕೊಳ್ಳಬಹುದು. ರೂಡೆಸ್‌ಹೈಮ್ ಬಿಟ್ಟೊಡನೆ ಬಲದಂಡೆಯ ದ್ರಾಕ್ಷಿತೋಟಗಳ ನೆತ್ತಿಯಲ್ಲಿ, ಜರ್ಮನ್ ಸಾಮ್ರಾಜ್ಯದ ಏಕೀಕರಣದ ನೆನಪಿಗೆ ಕಟ್ಟಿ 1883ರಲ್ಲಿ ಅನಾವರಣಗೊಳಿಸಿದ ನೀಡರ್‌ವಾಲ್ಡ್ ಸ್ಮಾರಕ ಕಾಣುತ್ತದೆ. ಅದರಾಚೆ ನದಿ ಥಟ್ಟನೆ ಉತ್ತರಕ್ಕೆ ತಿರುಗಿ ಬೆಟ್ಟಗಳ ನಡುವೆ ನುಗ್ಗುವ ಜಾಗವೇ ಕಣಿವೆಯ ಬಾಗಿಲು. ಎಡಕ್ಕೆ ದ್ವೀಪದ ಮೇಲೆ ಇಲಿಗೋಪುರ, ಬಲಕ್ಕೆ ಇಳಿಜಾರಿನಲ್ಲಿ ಎರೆನ್‌ಫೆಲ್ಸ್ ಕೋಟೆಯ ಪಾಳು. ಬಡವರಿಗೆ ಧಾನ್ಯ ಕೊಡದ ಮೈನ್ಜ್ ನಗರದ ಆರ್ಚ್‌ಬಿಷಪ್ ಹಾಟ್ಟೋನನ್ನು ಇಲಿಗಳು ಈ ಗೋಪುರದಲ್ಲಿ ತಿಂದುಹಾಕಿದವೆಂಬ ಐತಿಹ್ಯವನ್ನು ಪ್ರತಿ ಹಡಗಿನಲ್ಲೂ ಹೇಳುತ್ತಾರೆ. ಸುಂಕ ಎಂಬರ್ಥದ ಹಳೆಯ ಜರ್ಮನ್ ಪದವು ಬಾಯಿಂದ ಬಾಯಿಗೆ ಇಲಿಯಾಗಿ ಮಾರ್ಪಟ್ಟಿತೆಂಬ ವಿವರಣೆ ಹೆಚ್ಚು ನಂಬಬಹುದಾದದ್ದು. ಎರಡೂ ಕಟ್ಟಡಗಳು ಸುಂಕ ವಸೂಲಿಗೆ ಸಂಬಂಧಿಸಿದವೇ. ಮುಂದೆ ಕಾಣುವ ಹಲವು ಕೋಟೆಗಳ ಹಿಂದೆಯೂ ಇದೇ ಲೆಕ್ಕಾಚಾರವಿದೆ: ಕಿರಿದಾದ ಕಣಿವೆಯಲ್ಲಿ ಸರಕು ಹೊತ್ತ ದೋಣಿ ತಪ್ಪಿಸಿಕೊಳ್ಳಲಾರದು.

ಇಲ್ಲಿಂದ ಬಖರಾಖ್‌ವರೆಗೆ ಎಡದಂಡೆಯಲ್ಲಿ ರೈನ್‌ಸ್ಟೈನ್, ರೈಖೆನ್‌ಸ್ಟೈನ್, ಸೂನೆಕ್ ಕೋಟೆಗಳು ಒಂದರ ಹಿಂದೊಂದು ಬರುತ್ತವೆ. ಎಲ್ಲವನ್ನೂ ಹೆಸರು ಹಿಡಿದು ಗುರುತಿಸುವ ಹಟಕ್ಕೆ ಬೀಳುವುದು ಬೇಡ, ಅದಕ್ಕಿಂತ ಒಂದು ವ್ಯತ್ಯಾಸವನ್ನು ಗಮನಿಸುವುದು ಲೇಸು. 1689ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೇನೆಗಳು ಈ ಭಾಗದ ಹಲವು ಕೋಟೆಗಳನ್ನು ಸಿಡಿಸಿ ಹಾಕಿದವು. ನೂರಕ್ಕೂ ಹೆಚ್ಚು ವರ್ಷ ಪಾಳು ಬಿದ್ದಿದ್ದ ಕೆಲವನ್ನು 19ನೇ ಶತಮಾನದಲ್ಲಿ ಪ್ರಷ್ಯದ ರಾಜಮನೆತನದವರೂ ಸಿರಿವಂತರೂ ಕೊಂಡು, ತಮ್ಮ ಕಲ್ಪನೆಯ ಮಧ್ಯಯುಗಕ್ಕೆ ಒಪ್ಪುವಂತೆ ಮರಳಿ ಕಟ್ಟಿಸಿದರು. 1820ರ ದಶಕದಲ್ಲಿ ರಾಜಕುಮಾರ ಫ್ರೆಡರಿಕ್ ಕಟ್ಟಿಸಿದ ರೈನ್‌ಸ್ಟೈನ್ ಇವುಗಳಲ್ಲಿ ಮೊದಲ ಸಾಲಿನದು. ಛಾವಣಿ, ಗಾಜಿನ ಕಿಟಕಿ, ಹಾರುವ ಬಾವುಟ ಇವೆಲ್ಲ ಇದ್ದರೆ ಅದು ಬಹುಮಟ್ಟಿಗೆ ಈ ಮರುಕಟ್ಟುವಿಕೆಯ ಫಲ. ಛಾವಣಿಯಿಲ್ಲದೆ ಆಕಾಶಕ್ಕೆ ಬಾಯಿ ತೆರೆದ ಗೋಡೆಗಳಿದ್ದರೆ ಅದು ನಿಜವಾದ ಹಳತು. ಹೀಗೆ ವಿಂಗಡಿಸಿ ನೋಡುತ್ತ ಹೋದರೆ ಚಿತ್ರಪಟದಂತೆ ಕಾಣುವ ಕಣಿವೆಯಲ್ಲಿ ಎಷ್ಟು ಭಾಗ ಮಧ್ಯಯುಗದ್ದು, ಎಷ್ಟು ಭಾಗ ಅದನ್ನು ಮೋಹಿಸಿದವರದ್ದು ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೋಟೆಗಳ ನಡುವಿನ ಇಳಿಜಾರುಗಳನ್ನೂ ಬಿಡದೆ ನೋಡಬೇಕು. ಸ್ಲೇಟು ಕಲ್ಲಿನ ಪದರಗಳ ಮೇಲೆ, ಕೈಯಲ್ಲಿ ಕಟ್ಟಿದ ಗೋಡೆಗಳ ಆಸರೆಯಲ್ಲಿ, ನಿಲ್ಲಲೂ ಕಷ್ಟವಾಗುವಷ್ಟು ಕಡಿದಾದ ಮೆಟ್ಟಿಲುಗಳಲ್ಲಿ ರೀಸ್ಲಿಂಗ್ ದ್ರಾಕ್ಷಿ ಬೆಳೆಯುತ್ತಾರೆ. ಹಗಲಿನ ಬಿಸಿಲನ್ನು ಹೀರಿಕೊಂಡ ಕಲ್ಲು ರಾತ್ರಿ ಬಳ್ಳಿಗಳಿಗೆ ಬಿಸುಪು ಕೊಡುತ್ತದೆ. ದುರ್ಬೀನಿನಲ್ಲಿ ನೋಡಿದರೆ ಹಲವೆಡೆ ಪೊದೆಗಳ ಕೆಳಗೂ ಅದೇ ಗೋಡೆಗಳ ಗೆರೆಗಳು ಕಾಣುತ್ತವೆ. ದುಡಿಮೆಗೆ ತಕ್ಕ ಆದಾಯವಿಲ್ಲದೆ 20ನೇ ಶತಮಾನದಲ್ಲಿ ಕೈಬಿಟ್ಟ ತೋಟಗಳವು.

546ನೇ ಫಲಕದ ಹೊತ್ತಿಗೆ ಕುರ್ಚಿ ಬಿಟ್ಟೇಳಬೇಕು. ನದಿಯ ನಡುವಿನ ಬಂಡೆಯ ಮೇಲೆ ಲಂಗರು ಹಾಕಿ ನಿಂತ ಹಡಗಿನಂತೆ ತೋರುವ ಬಿಳಿಯ ಕಟ್ಟಡ ಫಾಲ್ಜ್‌ಗ್ರಾಫೆನ್‌ಸ್ಟೈನ್. 1326ರ ಸುಮಾರಿಗೆ ಬವೇರಿಯದ ದೊರೆ ಲುಡ್ವಿಗ್ ಸುಂಕಕ್ಕೆಂದೇ ಕಟ್ಟಿಸಲು ತೊಡಗಿದ ಈ ಕೋಟೆಯಲ್ಲಿ 1866ರವರೆಗೂ ಸುಂಕ ವಸೂಲಾಗುತ್ತಿತ್ತು. ಹರಿವಿಗೆ ಎದುರಾದ ಅದರ ಮೂಲೆ ಹಡಗಿನ ಮೂತಿಯಂತೆ ಚೂಪಾಗಿರುವುದಕ್ಕೆ ಕಾರಣವಿದೆ: ಚಳಿಗಾಲದಲ್ಲಿ ತೇಲಿ ಬರುವ ಮಂಜುಗಡ್ಡೆಗಳು ಅಲ್ಲಿಗೆ ಬಡಿದು ಸೀಳಿಹೋಗಲಿ ಎಂದು. ನೆಪೋಲಿಯನ್ನನ ಸೇನೆಯನ್ನು ಬೆನ್ನಟ್ಟಿದ ಪ್ರಷ್ಯದ ಸೇನಾಪತಿ ಬ್ಲೂಷರ್ 1813ರ ಕೊನೆಯ ರಾತ್ರಿ ತೇಲುಸೇತುವೆ ಕಟ್ಟಲು ತೊಡಗಿ ನದಿಯನ್ನು ದಾಟಿದ್ದು ಇಲ್ಲಿಯೇ. ಚಿತ್ರ ತೆಗೆಯುವವರು ಕೋಟೆ ನೇರವಾಗಿ ಪಕ್ಕಕ್ಕೆ ಬರುವವರೆಗೆ ಕಾಯಬಾರದು. ಇನ್ನೂ ಓರೆಯಾಗಿ ಮುಂದಿರುವಾಗಲೇ ಅದರ ಹಡಗಿನ ಆಕಾರವೂ ಮೇಲಿನ ಗೂಟೆನ್‌ಫೆಲ್ಸ್ ಕೋಟೆಯೂ ಒಂದೇ ಚೌಕಟ್ಟಿನಲ್ಲಿ ಕೂಡುತ್ತವೆ. ಕ್ಯಾಮೆರಾವನ್ನು ಕಟಕಟೆಗೆ ಒತ್ತಿ ಹಿಡಿದರೆ ಹಡಗಿನ ಅದುರುವಿಕೆ ಚಿತ್ರಕ್ಕೂ ಇಳಿಯುತ್ತದೆ, ಆದ್ದರಿಂದ ಕೈಯಲ್ಲೇ ಹಿಡಿದು ಷಟರ್ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಏರಿಸಿಕೊಳ್ಳುವುದು ಕ್ಷೇಮ.

ಗೋಡೆಗೋಪುರಗಳ ಓಬರ್‌ವೇಸೆಲ್ ದಾಟಿದ ಮೇಲೆ ದಂಡೆಯನ್ನು ಬಿಟ್ಟು ನೀರನ್ನು ನೋಡುವ ಸರದಿ. ಇಲ್ಲಿಂದ ಸಾಂಕ್ಟ್ ಗೋಆರ್‌ವರೆಗಿನ ಹಾದಿ ಇಕ್ಕಟ್ಟಾಗಿ ಡೊಂಕುಡೊಂಕಾಗಿದ್ದು, ತಿರುವಿನಾಚೆಯಿಂದ ಏನು ಬರುತ್ತಿದೆಯೆಂದು ಏರುವ ಹಡಗಿನ ಕಪ್ತಾನನಿಗೆ ಕಾಣುವುದಿಲ್ಲ. ಹಿಂದೆ ದಂಡೆಯ ಮೇಲೆ ಬಾವುಟ ಹಿಡಿದು ನಿಂತ ಕಾವಲುಗಾರರು ಎಚ್ಚರಿಸುತ್ತಿದ್ದರು. ಈಗ ಆ ಕೆಲಸವನ್ನು ಓಬರ್‌ವೇಸೆಲ್‌ನ ಕೇಂದ್ರದಿಂದ ನಡೆಸುವ ಬೆಳಕಿನ ಸಂಕೇತಗಳು ಮಾಡುತ್ತವೆ. ದಂಡೆಯಲ್ಲಿ ಹೊಳೆಯುವ ಬೆಳಕಿನ ಪಟ್ಟಿಗಳನ್ನು ಕಂಡರೆ, ಕೆಳಮುಖವಾಗಿ ಬರುವ ಹಡಗುಗಳ ಸುದ್ದಿಯನ್ನು ಅವು ಮೇಲೇರುವವರಿಗೆ ತಿಳಿಸುತ್ತಿವೆ ಎಂದರ್ಥ. ಎದುರು ಬರುವ ಸರಕಿನ ಹಡಗಿನ ಚಾಲನೆಯ ಕೋಣೆಯ ಬಲಬದಿಯಲ್ಲಿ ನೀಲಿ ಫಲಕವೊಂದು ಎದ್ದು, ಅದರ ನಡುವೆ ಬಿಳಿ ದೀಪ ಮಿನುಗುತ್ತಿದ್ದರೆ, ಪರಸ್ಪರ ಬಲಬದಿಗಳು ಎದುರಾಗುವಂತೆ ಹಾದುಹೋಗೋಣ ಎಂಬ ಸೂಚನೆ ಅದು. ಹಾದಿಯನ್ನು ಸೂಚಿಸುವುದು ಏರುವ ಹಡಗು, ಏಕೆಂದರೆ ಹರಿವಿನ ಜೊತೆಗೆ ಇಳಿಯುವ ಹಡಗಿಗೆ ಬೇಗನೆ ನಿಲ್ಲುವುದೂ ತಿರುಗುವುದೂ ಕಷ್ಟ. 135 ಮೀಟರ್ ಉದ್ದದ ಎರಡು ಹಡಗುಗಳು ಈ ತಿರುವುಗಳಲ್ಲಿ ಒಂದನ್ನೊಂದು ದಾಟುವುದನ್ನು ಒಮ್ಮೆ ಅರ್ಥಮಾಡಿಕೊಂಡು ನೋಡಿದವರಿಗೆ ಕೋಟೆಗಳು ಸ್ವಲ್ಪ ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ.

ಆಮೇಲೆ ಬಲಕ್ಕೆ ಲೊರೆಲೈ, ನೀರಿನಿಂದ 132 ಮೀಟರ್ ಎತ್ತರಕ್ಕೆ ಎದ್ದ ಬಂಡೆ. ನಿಜ ಹೇಳಬೇಕೆಂದರೆ ಮೊದಲ ಸಲ ನೋಡುವವರಲ್ಲಿ ಅನೇಕರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಅದು ಬರಿಯ ಬಂಡೆ. ಬಂಗಾರದ ಕೂದಲು ಬಾಚುತ್ತ ಹಾಡಿ ನಾವಿಕರನ್ನು ಮುಳುಗಿಸಿದ ಹೆಣ್ಣು ಅಲ್ಲಿ ಕಾಣುವುದಿಲ್ಲ. ಆ ಹೆಣ್ಣಿನ ಕಥೆಯೂ ಅಷ್ಟೇನು ಹಳೆಯದಲ್ಲ. ಕವಿ ಕ್ಲೆಮೆನ್ಸ್ ಬ್ರೆಂಟಾನೊ 1801ರಲ್ಲಿ ಅವಳಿಗೆ ರೂಪ ಕೊಟ್ಟ, 1824ರಲ್ಲಿ ಹೈನ್ರಿಷ್ ಹೈನೆಯ ಕವಿತೆ ಅವಳನ್ನು ಮನೆಮಾತಾಗಿಸಿತು. ಅದಕ್ಕೂ ಹಿಂದೆ ಈ ಬಂಡೆ ಪ್ರಸಿದ್ಧವಾಗಿದ್ದುದು ಮಾರ್ದನಿಗೆ. ಅಪಾಯವಂತೂ ಕಥೆಯಲ್ಲ: ಇಲ್ಲಿ ನದಿ ಕಿರಿದಾಗಿ, ಕೆಲವೆಡೆ 25 ಮೀಟರ್‌ನಷ್ಟು ಆಳವಾಗಿ, ಸುಳಿಗಳನ್ನು ಎಬ್ಬಿಸುತ್ತ ಹರಿಯುತ್ತದೆ, 2011ರ ಜನವರಿಯಲ್ಲಿ ಗಂಧಕಾಮ್ಲ ತುಂಬಿದ್ದ ಟ್ಯಾಂಕರ್ ಹಡಗೊಂದು ಇಲ್ಲಿಯೇ ಮಗುಚಿಕೊಂಡು ವಾರಗಟ್ಟಲೆ ಸಂಚಾರಕ್ಕೆ ಅಡ್ಡಿಯಾಗಿತ್ತು. ಹೀಗಾಗಿ ಧ್ವನಿವರ್ಧಕದಲ್ಲಿ ಹಾಡು ಮೊಳಗುವಾಗ ಎಲ್ಲರೂ ಬಂಡೆಯ ನೆತ್ತಿಯನ್ನು ನೋಡುತ್ತಿದ್ದರೆ, ಅದರ ಬುಡದ ನೀರನ್ನು ನೋಡಬೇಕೆಂದು ನಾನು ಹೇಳುತ್ತೇನೆ. ಹೆಣ್ಣನ್ನು ನೋಡಲೇಬೇಕೆನ್ನುವವರಿಗೆ ಬಂಡೆಯ ಕೆಳಗೆ ನದಿಯೊಳಕ್ಕೆ ಚಾಚಿದ ಕಟ್ಟೆಯ ತುದಿಯಲ್ಲಿ ಕಂಚಿನ ಪ್ರತಿಮೆಯೊಂದಿದೆ.

ಇದಾದ ಮೇಲೆ ಅರ್ಧ ಗಂಟೆ ವಿಶ್ರಮಿಸಿದರೆ ನಷ್ಟವಿಲ್ಲ. ಎಡದಂಡೆಯಲ್ಲಿ 1797ರಲ್ಲಿ ಫ್ರೆಂಚರು ಕೆಡವಿದ ರೈನ್‌ಫೆಲ್ಸ್ ಎಂಬ ದೊಡ್ಡ ಪಾಳುಕೋಟೆ, ಬಲದಂಡೆಯಲ್ಲಿ ಬೆಕ್ಕು ಮತ್ತು ಇಲಿ ಎಂಬ ಅಡ್ಡಹೆಸರಿನ ಎರಡು ಕೋಟೆಗಳು ಬಂದುಹೋಗುತ್ತವೆ. ಎರಡೂ ದಂಡೆಗಳಲ್ಲಿ ರೈಲುಮಾರ್ಗಗಳಿದ್ದು, ಸರಕಿನ ರೈಲುಗಳ ಗದ್ದಲ ಬೆಟ್ಟಗಳಿಗೆ ಬಡಿದು ಇಮ್ಮಡಿಯಾಗಿ ಕೇಳಿಸುವುದರಿಂದ, ನಿಶ್ಶಬ್ದವನ್ನು ಅರಸಿ ಬಂದವರು ಸ್ವಲ್ಪ ಸೈರಿಸಿಕೊಳ್ಳಬೇಕು. ಆದರೆ ಸೇತುವೆಗಳ ಅಡ್ಡಿಯಿಲ್ಲ. ಮೈನ್ಜ್ ಬಿಟ್ಟರೆ ಕೋಬ್ಲೆಂಜ್‌ವರೆಗೆ ನದಿಯ ಮೇಲೆ ಒಂದೂ ಸೇತುವೆ ಇಲ್ಲದೆ, ಜನರೂ ವಾಹನಗಳೂ ಕಡವುಗಳಲ್ಲೇ ದಾಟುತ್ತವೆ. 580ರ ಬಳಿ ಬಲದಂಡೆಯ ಮಾರ್ಕ್ಸ್‌ಬುರ್ಗ್ ಕಾಣುವ ಮುನ್ನ ಮತ್ತೆ ಎದ್ದು ನಿಲ್ಲಬೇಕು. ಈ ಕಣಿವೆಯ ಬೆಟ್ಟದ ಕೋಟೆಗಳಲ್ಲಿ ಎಂದೂ ನಾಶವಾಗದೆ ಉಳಿದದ್ದು ಇದೊಂದೇ. ಬೆಳಗಿನಿಂದ ನೋಡಿದ ಅಚ್ಚುಕಟ್ಟಾದ ಕೋಟೆಗಳ ಪಕ್ಕದಲ್ಲಿ ಇದರ ಒರಟು, ಅಡ್ಡಾದಿಡ್ಡಿ ಆಕಾರವನ್ನು ಇಟ್ಟು ನೋಡಿದರೆ ಸಾಕ್ಷಿ ಸಿಗುತ್ತದೆ. ಐದಾರು ಕಿಲೋಮೀಟರ್ ಮುಂದೆ ಎಡಕ್ಕೆ ಬರುವ ಹಳದಿ ಬಣ್ಣದ ಸ್ಟೋಲ್ಜೆನ್‌ಫೆಲ್ಸ್ 1842ರಲ್ಲಿ ಪೂರ್ಣಗೊಂಡ ರಾಜನ ವಿಹಾರಗೃಹ, ಅಂದರೆ ಹೋಲಿಕೆಗೆ ಹೇಳಿ ಮಾಡಿಸಿದ ಜೋಡಿ.

ಬಹುದಿನಗಳ ನದಿವಿಹಾರಕ್ಕೆ ಸಮಯವೋ ಹಣವೋ ಇಲ್ಲದವರು ಇದೇ ಹಾದಿಯನ್ನು ದಿನದ ಟಿಕೆಟ್ಟಿನ ಪ್ರಯಾಣಿಕ ಹಡಗುಗಳಲ್ಲಿ ನೋಡಬಹುದು. ವಸಂತದಿಂದ ಅಕ್ಟೋಬರ್‌ವರೆಗೆ ಅವು ಊರಿಂದೂರಿಗೆ ನಿಲ್ಲುತ್ತ ಸಾಗುತ್ತವೆ. ಇಡೀ ಹಾದಿಗೆ ಇಳಿಯುವಾಗ ಸುಮಾರು ನಾಲ್ಕು ಗಂಟೆ, ಏರುವಾಗ ಆರು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಬೇಡವೆನ್ನುವವರು ಬಖರಾಖ್‌ನಲ್ಲಿ ಹತ್ತಿ ಸಾಂಕ್ಟ್ ಗೋಆರ್‌ನಲ್ಲಿ ಇಳಿದು, ದಂಡೆಯ ರೈಲಿನಲ್ಲಿ ಹಿಂದಿರುಗಿದರೆ ಕಣಿವೆಯ ತಿರುಳನ್ನು ನೋಡಿದಂತಾಗುತ್ತದೆ.

ಕೋಬ್ಲೆಂಜ್ ಸಮೀಪಿಸಿದಾಗ ಎಡಕ್ಕೆ, ಮೋಸೆಲ್ ನದಿ ರೈನನ್ನು ಸೇರುವ ಮೂಲೆಯಲ್ಲಿ, ಚಕ್ರವರ್ತಿ ಮೊದಲನೆಯ ವಿಲ್ಹೆಲ್ಮನ ಕುದುರೆಯೇರಿದ ಪ್ರತಿಮೆ ಕಾಣುತ್ತದೆ. 1897ರಲ್ಲಿ ನಿಲ್ಲಿಸಿದ ಮೂಲ ಪ್ರತಿಮೆ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಾಳಾಗಿ, ಈಗಿನದನ್ನು 1993ರಲ್ಲಿ ಏರಿಸಲಾಯಿತು. ಹಡಗು ಇಲ್ಲಿ ಸಂಜೆಯವರೆಗೆ ನಿಲ್ಲುವುದಾದರೆ, ಸಂಗಮದ ಹತ್ತಿರದಿಂದ ನದಿಯ ಮೇಲೆ ಹಾದು ಎದುರು ದಂಡೆಯ ಎರೆನ್‌ಬ್ರೈಟ್‌ಸ್ಟೈನ್ ಕೋಟೆಗೆ ಏರುವ ಕೇಬಲ್ ಕಾರನ್ನು ಹತ್ತಬೇಕು. ಕೋಟೆಯ ಅಂಚಿನಿಂದ ಕೆಳಗೆ ನೋಡಿದರೆ ಎರಡು ನದಿಗಳ ನೀರು ಕೂಡಿದ ಮೇಲೂ ಎಷ್ಟೋ ದೂರ ಬೆರೆಯದೆ ಅಕ್ಕಪಕ್ಕದಲ್ಲಿ ಹರಿಯುವುದು ಕಾಣಸಿಗುತ್ತದೆ. ಮಳೆ ಬಂದು ಒಂದು ನದಿ ಕೆಂಪಾದ ದಿನಗಳಲ್ಲಿ ನಡುವಿನ ಗೆರೆ ಇನ್ನೂ ಸ್ಪಷ್ಟ.